ಉಸಿರನ್ನು ಅಳಿಸಬಹುದೇ?

ಹಾಡಿನ ರೆಕಾರ್ಡಿಂಗನ್ನು ಕಂಪ್ಯೂಟರಿನಲ್ಲಿ ತೆರೆದರೆ ದನಿ ಅಲೆಯಾಗಿ ಕಾಣುತ್ತದೆ. ಸಾಲು ಹಾಡಿದ ಕಡೆ ಅಲೆ ದಪ್ಪಗೆ ಉಬ್ಬಿರುತ್ತದೆ. ಒಂದು ಸಾಲು ಮುಗಿದು ಇನ್ನೊಂದು ಶುರುವಾಗುವ ಮುಂಚೆ, ಅರ್ಧ ಸೆಕೆಂಡಿನಷ್ಟು ಜಾಗದಲ್ಲಿ, ಮುಸುಕಿನ ಜೋಳದ ತೆನೆಯ ತುದಿಯ ಕೂದಲಿನ ಹಾಗೆ ತೆಳ್ಳನೆಯ, ಒರಟಾದ ಒಂದು ಗುರುತು ಇರುತ್ತದೆ. ಅದು ಗಾಯಕಿ ಎಳೆದುಕೊಂಡ ಉಸಿರು. ಮನೆಯಲ್ಲೇ ಸ್ಟುಡಿಯೊ ಮಾಡಿಕೊಂಡವರು ಮಿಕ್ಸಿಂಗ್ ಕಲಿಯುವಾಗ ಬಹಳ ಬೇಗ ಕೈಗೆ ಹತ್ತುವ ಕೆಲಸವೆಂದರೆ ಆ ಗುರುತನ್ನು ಮೌಸಿನಿಂದ ಹಿಡಿದು ಅಳಿಸುವುದು. ಅಳಿಸಿದರೆ ಹಾಡು ಚೊಕ್ಕಟವಾಗಿ ಕೇಳುತ್ತದೆ, ನಿಜ. ಉಸಿರನ್ನು ತಾನೇ ಹುಡುಕಿ ತೆಗೆಯುವ ಪ್ಲಗಿನ್‌ಗಳೂ ಈಗ ಇವೆ. ಆದರೆ 13ನೇ ಶತಮಾನದಲ್ಲಿ ದೇವಗಿರಿಯ ಸೇವುಣರ ಆಶ್ರಯದಲ್ಲಿ ‘ಸಂಗೀತರತ್ನಾಕರ’ ಬರೆದ ಶಾರ್ಙ್ಗದೇವ, ತನಗಿಂತ ಹಿಂದಿನವರ ಮಾತನ್ನು ಅನುಸರಿಸಿ, ನಾದ ಎಂಬ ಪದವನ್ನು ಬಿಡಿಸುವ ರೀತಿ ಹೀಗೆ: ‘ನ’ ಎಂದರೆ ಪ್ರಾಣ, ‘ದ’ ಎಂದರೆ ಅಗ್ನಿ, ಎರಡೂ ಕೂಡಿದ್ದರಿಂದ ನಾದ. ವ್ಯಾಕರಣದ ದೃಷ್ಟಿಯಿಂದ ಈ ವ್ಯುತ್ಪತ್ತಿ ನಿಲ್ಲುತ್ತದೋ ಇಲ್ಲವೋ, ಅದರ ಹಿಂದಿನ ತಿಳಿವಳಿಕೆ ಗಟ್ಟಿಯಾದದ್ದು. ನಾದದ ಅರ್ಧ ಪಾಲು ಉಸಿರಿನದು. ಹಾಗಿದ್ದ ಮೇಲೆ ಉಸಿರನ್ನು ಅಳಿಸಿ ನಾದವನ್ನು ಚೆಂದಗೊಳಿಸಿದೆವೆಂದರೆ ನಾವು ಮಾಡಿದ್ದೇನು?

ಇದನ್ನು ಬರೀ ರುಚಿಯ ಪ್ರಶ್ನೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಸಿನಿಮಾ ಹಾಡು, ಜಾಹೀರಾತಿನ ಜಿಂಗಲ್‌ಗಳ ಮಟ್ಟಿಗೆ ಅದು ರುಚಿಯ ಪ್ರಶ್ನೆಯೇ ಇರಬಹುದು. ಆದರೆ ಇವತ್ತು ಮನೆಯ ಕೋಣೆಗಳಲ್ಲಿ ರೆಕಾರ್ಡ್ ಆಗುತ್ತಿರುವುದರಲ್ಲಿ ದೇವರನಾಮ, ವಚನ, ತತ್ವಪದ, ಭಜನೆಗಳೂ ಇವೆ. ಅವು ಮನರಂಜನೆಯ ಸರಕಷ್ಟೇ ಅಲ್ಲ. ಹಾಡುವವರ ಮಟ್ಟಿಗೆ ಅರ್ಪಣೆ, ಕೇಳುವವರ ಮಟ್ಟಿಗೆ ಸಾಕ್ಷಿ. ಅರ್ಪಣೆಯನ್ನು ತಿದ್ದಬಹುದೇ, ಎಷ್ಟು ತಿದ್ದಬಹುದು ಎಂಬುದು ಧರ್ಮದ ಪ್ರಶ್ನೆ. ಇದಕ್ಕೆ ಸಿದ್ಧ ಉತ್ತರಗಳು ಎರಡಿವೆ. ಮುಟ್ಟದೆ ಬಿಟ್ಟದ್ದೇ ಸತ್ಯ, ಕೈಹಚ್ಚಿದ್ದೆಲ್ಲ ಸುಳ್ಳು ಎನ್ನುವುದು ಒಂದು. ಕಿವಿಗೆ ಇಂಪಾದರೆ ಸಾಕು, ಹೇಗೆ ಆಯಿತೆಂಬುದು ಯಾರಿಗೂ ಬೇಕಿಲ್ಲ ಎನ್ನುವುದು ಇನ್ನೊಂದು. ಎರಡೂ ತಪ್ಪೆಂದು ನನಗೆ ತೋರುತ್ತದೆ. ಮೊದಲನೆಯದು ನೋಡಲು ಗಂಭೀರವಾಗಿರುವುದರಿಂದ ಅದರಿಂದಲೇ ಹೊರಡುತ್ತೇನೆ.

ಮುಟ್ಟದೆ ಬಿಟ್ಟ ರೆಕಾರ್ಡಿಂಗ್ ಎಂಬುದೊಂದು ಇಲ್ಲವೇ ಇಲ್ಲ. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯ ಹೋಟೆಲಿನ ಕೋಣೆಯನ್ನೇ ತಾತ್ಕಾಲಿಕ ಸ್ಟುಡಿಯೊ ಮಾಡಿ ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿದಾಗ ವಿದ್ಯುತ್ ಮೈಕ್ ಇರಲಿಲ್ಲ. ಲೋಹದ ಕಹಳೆಯೊಳಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕಿತ್ತು. ಗಂಟೆಗಟ್ಟಲೆ ಬೆಳೆಸಬಹುದಾದ ರಾಗವನ್ನು ಮೂರು ನಿಮಿಷದ ತಟ್ಟೆಗೆ ಇಳಿಸಿ, ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳಿದರು. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡ ಆ ಮಹಾಗಾಯಕಿ ಕಚೇರಿಯಲ್ಲಿ ಹೇಗೆ ಹಾಡುತ್ತಿದ್ದರೋ ಅದು ಆ ತಟ್ಟೆಗಳಲ್ಲಿ ಪೂರ್ತಿಯಾಗಿ ಇಲ್ಲ. ಈಗಿನ ಮೈಕೂ ತನ್ನ ಪಾಲನ್ನು ಸೇರಿಸುತ್ತದೆ. ಸಾಮಾನ್ಯ ಕಂಡೆನ್ಸರ್ ಮೈಕಿಗೆ ಬಾಯಿ ನಾಲ್ಕು ಬೆರಳಿನಷ್ಟು ಹತ್ತಿರವಾದರೆ ತಗ್ಗಿನ ಸ್ವರಗಳು ಇಲ್ಲದ ದಪ್ಪ ಪಡೆಯುತ್ತವೆ. ಕೋಣೆ ಇನ್ನಷ್ಟು ಸೇರಿಸುತ್ತದೆ. ಮೂರು ಮೀಟರ್ ಅಗಲದ ಕೋಣೆಯಲ್ಲಿ ಸುಮಾರು 57 ಹರ್ಟ್ಸ್, ಅದರ ಎರಡರಷ್ಟು 114, ಮೂರರಷ್ಟು 171, ಈ ಕಂಪನಗಳು ಎದುರುಬದುರು ಗೋಡೆಗಳ ನಡುವೆ ನಿಂತು ಉಬ್ಬುತ್ತವೆ. ಗಂಡುದನಿಯ ಮಂದ್ರವೂ ಮೃದಂಗದ ಎಡದ ಮೈಯೂ ಒಂದು ಕಡೆ ಗುಮ್ಮೆಂದರೆ ಎರಡಡಿ ಆಚೆ ಸೊರಗುತ್ತವೆ. ಮೈಕಿನ ಹಿಂದೆ ಒಂದು ಮೀಟರ್ ದೂರದಲ್ಲಿ ಬರಿಗೋಡೆ ಇದ್ದರೆ, ನೇರವಾಗಿ ಬಂದ ದನಿಯ ಬೆನ್ನಿಗೇ ಸುಮಾರು 6 ಮಿಲಿಸೆಕೆಂಡಿನಲ್ಲಿ ಅದೇ ದನಿ ಗೋಡೆಗೆ ಬಡಿದು ವಾಪಸಾಗುತ್ತದೆ. ಎರಡೂ ಬೆರೆತಾಗ ಡಬ್ಬಿಯೊಳಗೆ ಮಾತಾಡಿದ ಹಾಗೆ ಕೇಳುತ್ತದೆ. ಮನೆಯ ರೆಕಾರ್ಡಿಂಗ್ ‘ಮನೆಯದು’ ಎಂದು ಮೊದಲ ಕ್ಷಣದಲ್ಲೇ ಗೊತ್ತಾಗುವುದು ಇದರಿಂದ. ಇದನ್ನು ಹಾಗೇ ಬಿಟ್ಟು ‘ಇದು ಸತ್ಯ’ ಎಂದರೆ, ಗಾಯಕಿ ಮಾಡದ ತಪ್ಪನ್ನು ಅವಳ ತಲೆಗೆ ಕಟ್ಟಿದ ಹಾಗಾಗುತ್ತದೆ.

ಇಲ್ಲಿ ನಮಗೆ ದಾರಿ ತೋರಿಸುವುದು ಬೇರೆ ಕಾರಣಕ್ಕೆ ನಡೆದ ಒಂದು ಹಳೆಯ ಜಗಳ. ಶಬ್ದ ಹುಟ್ಟುತ್ತದೆ, ಸಾಯುತ್ತದೆ ಎಂದರು ನೈಯಾಯಿಕರು. ಅದು ಆಕಾಶದ ಗುಣ. ಒಂದು ಶಬ್ದ ಮುಂದಿನದನ್ನು ಹುಟ್ಟಿಸಿ ತಾನು ಅಳಿಯುತ್ತ, ನೀರಿನ ಅಲೆಯ ಮೇಲೆ ಅಲೆ ಬಂದ ಹಾಗೆ ಕಿವಿಯವರೆಗೆ ಬರುತ್ತದೆ ಎಂಬುದು ಅವರ ವೀಚೀತರಂಗ ನ್ಯಾಯ. ಮೀಮಾಂಸಕರು ಒಪ್ಪಲಿಲ್ಲ. ವೇದ ನಿತ್ಯ ಎನ್ನಬೇಕಾದರೆ ಶಬ್ದವೂ ನಿತ್ಯವಾಗಬೇಕಿತ್ತು. ಜೈಮಿನಿ ತನ್ನ ಸೂತ್ರಗ್ರಂಥದ ಮೊದಲ ಪಾದದಲ್ಲೇ ಈ ಚರ್ಚೆ ಎತ್ತಿಕೊಳ್ಳುತ್ತಾನೆ. ಬಾಯಿ, ಗಾಳಿ, ಪ್ರಯತ್ನ ಇವೆಲ್ಲ ಶಬ್ದವನ್ನು ಹುಟ್ಟಿಸುವುದಿಲ್ಲ, ಇರುವುದನ್ನು ತೋರಿಸಿಕೊಡುತ್ತವೆ. ಅದು ಉತ್ಪತ್ತಿಯಲ್ಲ, ಅಭಿವ್ಯಕ್ತಿ ಎಂಬುದು ಆ ಪಕ್ಷ. ಅಭಿವ್ಯಕ್ತಿಗೆ ನಮ್ಮ ದರ್ಶನಗಳಲ್ಲಿ ರೂಢಿಯ ಉದಾಹರಣೆ ಕತ್ತಲ ಕೋಣೆಯ ಮಡಕೆ. ದೀಪ ಹಚ್ಚಿದಾಗ ಮಡಕೆ ಕಂಡಿತೆಂದು ದೀಪವೇ ಮಡಕೆಯನ್ನು ಮಾಡಿತೆನ್ನುವುದಿಲ್ಲ. ಶಬ್ದ ನಿತ್ಯವೋ ಅನಿತ್ಯವೋ ಎಂಬ ತೀರ್ಪು ಇಲ್ಲಿ ಬೇಕಿಲ್ಲ; ಅವರು ಮಾತಾಡುತ್ತಿದ್ದದ್ದು ವರ್ಣಗಳ ಬಗ್ಗೆ, ಸಂಗೀತದ ಬಗ್ಗೆ ಅಲ್ಲ. ನನಗೆ ಬೇಕಾಗಿರುವುದು ಮಾಡುವುದಕ್ಕೂ ತೋರಿಸುವುದಕ್ಕೂ ಅವರು ಎಳೆದ ಗೆರೆ ಮಾತ್ರ. ರೆಕಾರ್ಡಿಂಗಿನಲ್ಲಿ ಮಡಕೆ ಎಂದರೆ ಕೋಣೆಯ ಗಾಳಿ ಅಲುಗಿದ್ದಲ್ಲ. ಒಬ್ಬ ಮನುಷ್ಯ ಒಂದು ಹೊತ್ತಿನಲ್ಲಿ, ತನ್ನ ಕಂಠದಿಂದ, ತನ್ನ ಗಮನವನ್ನೆಲ್ಲ ಕೂಡಿಸಿ ಹಾಡಿದ ಆ ಕ್ರಿಯೆಯೇ ಮಡಕೆ. ಮೈಕ್, ಕೋಣೆಯ ಏರ್ಪಾಡು, ಮಿಕ್ಸ್, ಮಾಸ್ಟರಿಂಗ್ ಎಲ್ಲವೂ ದೀಪದ ಪಂಗಡಕ್ಕೆ ಸೇರಿದವು. ಎಣ್ಣೆದೀಪ ಮಡಕೆಗೆ ಒಂದಿಷ್ಟು ಹಳದಿ ಬಣ್ಣ ಕೊಟ್ಟೇ ಕೊಡುತ್ತದೆ, ಕೊಡಲಿ. ಕೆಲಸ ಧರ್ಮದ ಗೆರೆ ದಾಟುವುದು ಇಲ್ಲದ ಮಡಕೆ ಕಾಣತೊಡಗಿದಾಗ.

ಈ ಅಳತೆಗೋಲು ಹಿಡಿದು ನೋಡಿದರೆ ಹೋಮ್ ಸ್ಟುಡಿಯೊದ ಬಹುಪಾಲು ಕೆಲಸಗಳಿಗೆ ಆಕ್ಷೇಪವೇ ಇಲ್ಲ, ಅವು ಕರ್ತವ್ಯವೇ ಆಗುತ್ತವೆ. ಗೋಡೆಗೆ ದಪ್ಪ ಕೌದಿ ತೂಗುಹಾಕುವುದು, ಕೋಣೆಯ ನಟ್ಟನಡುವೆ ನಿಲ್ಲದಿರುವುದು, ಫ್ಯಾನ್ ಆರಿಸುವುದು, ಮೈಕನ್ನು ಒಂದು ಗೇಣು ದೂರವಿಟ್ಟು ಸ್ವಲ್ಪ ಓರೆ ಮಾಡುವುದು, ಕೋಣೆ ಸೇರಿಸಿದ 200-300 ಹರ್ಟ್ಸ್ ಸುತ್ತಲಿನ ಮಬ್ಬನ್ನು ಇಕ್ಯೂನಲ್ಲಿ ತಗ್ಗಿಸುವುದು, ಪಕ್ಕದ ಮನೆಯ ಕುಕ್ಕರ್ ಕೂಗನ್ನು ತೆಗೆಯುವುದು, ಇವೆಲ್ಲ ದೀಪದ ಗಾಜು ಒರೆಸುವ ಕೆಲಸ. ಕಷ್ಟ ಬರುವುದು ತಪ್ಪು ಗಾಯಕರದೇ ಆದಾಗ. ಶಾರ್ಙ್ಗದೇವ ಗಾಯಕರ ದೋಷಗಳನ್ನು 25 ಎಂದು ಎಣಿಸಿದ್ದಾನೆ. ಆ ಪಟ್ಟಿ ಇವತ್ತಿನ ಪ್ಲಗಿನ್‌ಗಳ ಪಟ್ಟಿಯ ಪಕ್ಕದಲ್ಲಿಟ್ಟು ಓದಬೇಕಾದ್ದು. ಹಲ್ಲು ಕಚ್ಚಿ ಹಾಡುವವನು ಸಂದಷ್ಟ. ಮೇಲಿಂದ ಮೇಲೆ ಬುಸುಗುಟ್ಟುವವನು ಸೂತ್ಕಾರಿ. ಹೆದರಿ ಹಾಡುವವನು ಭೀತ. ಮೂಗಿನಲ್ಲಿ ಹಾಡುವವನು ಸಾನುನಾಸಿಕ. ಗಮನವಿಲ್ಲದೆ ಹಾಡುವವನು ಅನವಧಾನ. ಈ ಬುಸುಗುಡುವಿಕೆಗೆ ಈಗ ಡಿ-ಎಸ್ಸರ್ ಇದೆ. ‘ಸ’, ‘ಶ’ಗಳು ಚುಚ್ಚುವ 5ರಿಂದ 8 ಕಿಲೋಹರ್ಟ್ಸ್ ಭಾಗವನ್ನು ಅದು ಆಯಾ ಕ್ಷಣಕ್ಕೆ ಮಾತ್ರ ತಗ್ಗಿಸುತ್ತದೆ. ಹತ್ತಿರದ ಮೈಕ್ ಆ ಸದ್ದನ್ನು ಎದುರಿಗೆ ಕೂತ ಕೇಳುಗನಿಗೆ ಕೇಳುವುದಕ್ಕಿಂತ ದೊಡ್ಡದು ಮಾಡಿರುವುದರಿಂದ ಇದೂ ನ್ಯಾಯವಾದದ್ದೇ. ಆದರೆ ಅನವಧಾನಕ್ಕೆ ಯಾವ ಪ್ಲಗಿನ್ ಇದೆ? ಅರ್ಥ ಮನಸ್ಸಿಗೆ ಬಾರದೆ ಹಾಡಿದ ಸಾಲು, ತಿದ್ದಿದಷ್ಟೂ ಹೊಳಪಾಗುತ್ತದೆಯೇ ಹೊರತು ಅದರೊಳಗೆ ಗಮನ ಹುಟ್ಟುವುದಿಲ್ಲ. 25 ದೋಷಗಳಲ್ಲಿ ಮೈಯ ದೋಷಗಳ ಜತೆಗೇ ಮನಸ್ಸಿನ ದೋಷಗಳನ್ನೂ ಕೂರಿಸಿದ್ದು ಶಾಸ್ತ್ರಕಾರನ ದೊಡ್ಡತನ. ಹಾಡು ಕಂಠದಿಂದ ಮಾತ್ರ ಆಗುವುದಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಗೆರೆ ಎಲ್ಲಿ ದಾಟುತ್ತದೆಂದು ತೋರಿಸಲು ಒಂದೇ ಒಂದು ಸ್ವರ ಸಾಕು: ತೋಡಿಯ ಗಾಂಧಾರ. ಕರ್ನಾಟಕ ಸಂಗೀತದ ತೋಡಿಯಲ್ಲಿ ಆ ಸಾಧಾರಣ ಗಾಂಧಾರ ನೆಟ್ಟಗೆ ನಿಲ್ಲುವುದೇ ಅಪರೂಪ. ಋಷಭದ ಕಡೆಗೊಮ್ಮೆ ಮಧ್ಯಮದ ಕಡೆಗೊಮ್ಮೆ ತೂಗಾಡುತ್ತದೆ, ಆ ತೂಗಾಟವೇ ಸ್ವರ. ಪಿಚ್ ತಿದ್ದುವ ತಂತ್ರಾಂಶಕ್ಕೆ ಇದು ತಿಳಿಯದು. ಆಟೋಟ್ಯೂನನ್ನು 1997ರಲ್ಲಿ ಹೊರತಂದ ಆಂಡಿ ಹಿಲ್ಡೆಬ್ರ್ಯಾಂಡ್ ಅದಕ್ಕೂ ಮೊದಲು ತೈಲ ಹುಡುಕುವವರಿಗಾಗಿ ಭೂಮಿಯೊಳಗಿನ ಕಂಪನಗಳ ಲೆಕ್ಕ ಹಾಕುತ್ತಿದ್ದವರು. ಅದೇ ಬಗೆಯ ಗಣಿತ ದನಿಯ ಸ್ಥಾಯಿಯನ್ನು ಅಳೆಯಲು ಒದಗಿಬಂತು. ಅಳತೆಯೇನೋ ನಿಖರ. ಆದರೆ ಸುಮ್ಮನೆ ಹಾಕಿಬಿಟ್ಟರೆ ಅದು ಅಳೆದದ್ದನ್ನು ಪಿಯಾನೊದ 12 ಮನೆಗಳಲ್ಲಿ ಹತ್ತಿರದ ಮನೆಗೆ ಎಳೆಯುತ್ತದೆ. ತೋಡಿಯ ಗಾಂಧಾರ ಆಗ ಮೆಟ್ಟಿಲು ಮೆಟ್ಟಿಲಾಗಿ ಕಡಿದುಹೋಗುತ್ತದೆ. ಗಾಯಕಿ ಹಾಡಿದ್ದು ಅದಲ್ಲ, ಹಾಡಬಯಸಿದ್ದೂ ಅದಲ್ಲ. ಕೈಯಿಂದ ಎಚ್ಚರವಾಗಿ ತಿದ್ದಿದರೆ ಗಮಕ ಉಳಿಸಿಕೊಳ್ಳಬಹುದು ಎನ್ನುತ್ತಾರೆ. ಹೌದು, ತೋಡಿ ಬಲ್ಲ ಕೈಯಾದರೆ ಉಳಿಯುತ್ತದೆ. ಆದರೆ ತೋಡಿ ಅಷ್ಟು ಬಲ್ಲವರಿಗೆ ಇನ್ನೊಂದು ದಾರಿಯೂ ತೆರೆದಿದೆ. ಆ ಸಾಲನ್ನು ಮತ್ತೆ ಹಾಡಬಹುದು. ಮನೆಯ ಸ್ಟುಡಿಯೊದಲ್ಲಿ ಗಂಟೆಗಿಷ್ಟು ಬಾಡಿಗೆ ಎಂಬ ಒತ್ತಡವಿಲ್ಲ. ಇಪ್ಪತ್ತನೆಯ ಟೇಕಿಗೂ ಖರ್ಚಿಲ್ಲ. ಮತ್ತೆ ಹಾಡಿದ್ದು ಸಾಧನೆಗೆ ಸೇರುತ್ತದೆ, ಕಂಠದಲ್ಲಿ ಉಳಿಯುತ್ತದೆ. ತಿದ್ದಿದ್ದು ಫೈಲಿನಲ್ಲಿ ಉಳಿಯುತ್ತದೆ.

ಇಲ್ಲಿಗೆ ಗ್ಲೆನ್ ಗೂಲ್ಡ್ ಅವರ ಕಡೆಯವರು ಎದ್ದು ನಿಲ್ಲುತ್ತಾರೆ, ನಿಲ್ಲಬೇಕಾದ್ದೇ. ಕೆನಡಾದ ಈ ಮಹಾ ಪಿಯಾನೊ ವಾದಕ 1964ರಲ್ಲಿ ಕಚೇರಿ ವೇದಿಕೆ ಬಿಟ್ಟು ಸ್ಟುಡಿಯೊವನ್ನೇ ತನ್ನ ನೆಲೆ ಮಾಡಿಕೊಂಡರು. 1966ರ ಪ್ರಬಂಧವೊಂದರಲ್ಲಿ, ಬಾಖ್‌ನ ಒಂದು ಫ್ಯೂಗನ್ನು ನುಡಿಸಿದ ಟೇಕುಗಳಲ್ಲಿ ಆರನೆಯದು ಗಂಭೀರವಾಗಿಯೂ ಎಂಟನೆಯದು ಉಲ್ಲಾಸವಾಗಿಯೂ ಬಂದು, ಯಾವುದೂ ಇಡಿಯಾಗಿ ಸಾಲದೆ, ಎರಡನ್ನೂ ಕತ್ತರಿಸಿ ಜೋಡಿಸಿದ ಬಗೆಯನ್ನು ಅವರೇ ವಿವರಿಸಿದರು. ರೆಕಾರ್ಡಿಂಗ್ ಕಚೇರಿಯ ನೆರಳಲ್ಲ, ಸ್ವತಂತ್ರ ಕಲೆ. ಸಿನಿಮಾದ ಸಂಕಲನವನ್ನು ಯಾರೂ ಸುಳ್ಳೆನ್ನದಿರುವಾಗ ಇದನ್ನೇಕೆ ಅನ್ನಬೇಕು ಎಂಬುದು ಅವರ ಪಕ್ಷದ ಸಾರ. ಈ ವಾದದ ಬಲವನ್ನು ನಾನು ಕಡಿಮೆ ಮಾಡುವುದಿಲ್ಲ. ಆದರೆ ಎರಡು ಸಂಗತಿ ಗಮನಿಸಬೇಕು. ಆರನೆಯ ಟೇಕನ್ನೂ ಎಂಟನೆಯದನ್ನೂ ನುಡಿಸಿದ್ದು ಅವರದೇ ಬೆರಳು, ಅವರದೇ ಮನಸ್ಸು. ಎರಡು ನಿಜವಾದ ಮಡಕೆಗಳಲ್ಲಿ ಯಾವುದರ ಯಾವ ಮಗ್ಗುಲು ಕಾಣಬೇಕೆಂದು ಅವರು ಆರಿಸಿದರು. ಮತ್ತೆ, ಮಾಡಿದ್ದನ್ನು ಬಚ್ಚಿಡಲಿಲ್ಲ. ಇದೇ ಅಳತೆಯಲ್ಲಿ 1998ರ ‘ಬಿಲೀವ್’ ಹಾಡಿನಲ್ಲಿ ಶೆರ್ ಅವರ ದನಿಯನ್ನು ಬೇಕೆಂದೇ ಯಂತ್ರದ ಹಾಗೆ ಮುರಿದದ್ದೂ ಮೋಸವಲ್ಲ. ಅಲ್ಲಿ ಯಂತ್ರ ಎಲ್ಲರ ಕಿವಿಗೂ ಯಂತ್ರವಾಗಿಯೇ ಕೇಳಿಸುತ್ತದೆ. ಸುಳ್ಳು ಇರುವುದು ಉಪಕರಣದಲ್ಲಲ್ಲ, ಕೇಳುಗನಿಗೆ ಕೊಟ್ಟ ಮಾತಿನಲ್ಲಿ. ದೇವರನಾಮ ಹಾಡುವವರು ಕೊಡುವ ಮಾತು ‘ಇದು ನಾನು ಹಾಡಿದ್ದು’ ಎಂಬುದು. ಆ ಮಾತು ಒಡೆಯಬಾರದು.

ಹಾಗಾದರೆ ರಿವರ್ಬ್? ಹತ್ತಡಿ ಕೋಣೆಯಲ್ಲಿ ಹಾಡಿ, ಅದಕ್ಕೆ ಕಲ್ಲಿನ ದೇಗುಲದ ಅನುರಣನ ಹಚ್ಚಿದರೆ ಇಲ್ಲದ ದೇಗುಲವನ್ನು ಹುಟ್ಟಿಸಿದ ಹಾಗಲ್ಲವೇ? ಈ ಆಕ್ಷೇಪಕ್ಕೆ ಇಸ್ತಾಂಬುಲಿನ ಹಾಗಿಯಾ ಸೋಫಿಯಾದಿಂದ ಒಂದು ಒಳ್ಳೆಯ ಉತ್ತರ ಬಂದಿದೆ. 2010ರಲ್ಲಿ, ಅದಿನ್ನೂ ವಸ್ತುಸಂಗ್ರಹಾಲಯವಾಗಿದ್ದಾಗ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿ ಬಲೂನು ಒಡೆದು, ಆ ಒಂದು ಸದ್ದು ಗುಮ್ಮಟದಡಿ 10 ಸೆಕೆಂಡಿಗೂ ಹೆಚ್ಚು ಹೊತ್ತು ಅನುರಣಿಸಿದ ರೀತಿಯನ್ನು ಮುದ್ರಿಸಿಕೊಂಡರು. ಅದರಿಂದ ಕಟ್ಟಿದ ಅನುರಣನದಲ್ಲಿ ಕ್ಯಾಪೆಲ್ಲಾ ರೊಮಾನಾ ಎಂಬ ಗಾಯಕವೃಂದ ಬೈಜಾಂಟಿಯಂ ಕಾಲದ ಪ್ರಾರ್ಥನೆಗಳನ್ನು ಹಾಡಿ 2019ರಲ್ಲಿ ಆಲ್ಬಂ ತಂದಿತು. ಮುಖ್ಯವಾದ ವಿವರವೆಂದರೆ, ಗಾಯಕರು ಆ ಅನುರಣನವನ್ನು ಹಾಡುತ್ತಿರುವಾಗಲೇ ಕೇಳುತ್ತಿದ್ದರು. ಹಿಂದಿನ ಸ್ವರ ಕರಗುವುದಕ್ಕೆ ಕಾದು ಮುಂದಿನದನ್ನು ಎತ್ತುವುದು ಅವರ ಹಾಡಿಕೆಯ ಒಳಕ್ಕೇ ಇಳಿಯಿತು. ಸ್ಥಳ ಹಾಡನ್ನು ತಿದ್ದಿತು, ಹಾಡು ಸ್ಥಳಕ್ಕೆ ಉತ್ತರ ಕೊಟ್ಟಿತು. ಮನೆಯ ಸ್ಟುಡಿಯೊಗೂ ಇಲ್ಲಿ ಪಾಠವಿದೆ: ರಿವರ್ಬ್ ಬೇಕಾದರೆ ಹಾಡುವಾಗಲೇ ಹೆಡ್‌ಫೋನಿನಲ್ಲಿ ಸ್ವಲ್ಪ ಕೊಡಿ, ಗಾಯಕರು ಆ ಜಾಗದಲ್ಲಿದ್ದು ಹಾಡಲಿ. ಆಮೇಲೆ ಮೇಲಿಂದ ಸುರಿದದ್ದು ಬೇರೆ. ವಚನಕ್ಕೆ ಹಾಗೆ ಸುರಿದರಂತೂ ಅನ್ಯಾಯ. ವಚನಕಾರರಿಗೆ ಮಾತೇ ಪ್ರಾಣ. ದನಿ ಗವ್ವೆಂದು ತುಂಬಿಕೊಂಡು ಮಾತಿನ ತುದಿಗಳು ಕೇಳದೆ ಹೋದರೆ ದೀಪ ಕಣ್ಣಿಗೇ ಹೊಡೆದು ಮಡಕೆ ಕಾಣದಂತಾಗುತ್ತದೆ.

ಇನ್ನೊಂದು ಆಕ್ಷೇಪ ನನಗೆ ಎಲ್ಲಕ್ಕಿಂತ ಭಾರವಾದದ್ದು. ದೊಡ್ಡ ಸ್ಟುಡಿಯೊಗಳು ತಿದ್ದುತ್ತಲೇ ಬಂದಿವೆ. ಈಗ ಬಡವರ ಕೈಗೆ ಆ ಸಾಧನ ಬಂದಾಗ ಸಂಯಮದ ಮಾತೇಕೆ? ಮಾತು ನ್ಯಾಯವಾದದ್ದು. ಆದರೆ ಮನೆಯ ರೆಕಾರ್ಡಿಂಗನ್ನು ನಿಜವಾಗಿ ಮೇಲೆತ್ತುವ ಕೆಲಸಗಳ ಬೆಲೆ ನೋಡಿ. ಕೌದಿ, ಒಂದು ಗೇಣು ದೂರ, ರಾತ್ರಿ ಊರು ಮಲಗಿದ ಮೇಲಿನ ಹೊತ್ತು, ಮತ್ತೊಮ್ಮೆ ಹಾಡುವ ತಾಳ್ಮೆ. ಬಡವರಿಗೆ ದುಬಾರಿಯಾಗುವುದು ಇವಲ್ಲ, ಇವನ್ನು ಬಿಟ್ಟು ಪ್ಲಗಿನ್ ಮೇಲೆ ಪ್ಲಗಿನ್ ಕೊಳ್ಳುವ ದಾರಿ. ಆ ದಾರಿಗೆ ಎಳೆಯುವುದು ನಮ್ಮದೇ ಕಿವಿ. ಸದ್ದಿನ ಮಟ್ಟ ಬದಲಾದಂತೆ ತಗ್ಗಿನ, ಮೇಲಿನ ಸ್ವರಗಳಿಗೆ ಕಿವಿಯ ಸೂಕ್ಷ್ಮತೆಯೂ ಬದಲಾಗುತ್ತದೆಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದರು. ಅದರ ಫಲವೇನೆಂದರೆ, ಸ್ವಲ್ಪ ಜೋರಾದದ್ದೆಲ್ಲ ನಮಗೆ ತುಂಬಿಕೊಂಡ ಹಾಗೆ, ಉತ್ತಮವಾದ ಹಾಗೆ ಕೇಳುತ್ತದೆ. ಪ್ಲಗಿನ್ ಹಾಕಿದಾಗ ಸದ್ದು ಒಂದು ಡೆಸಿಬೆಲ್ ಏರಿದ್ದರೂ ‘ಹಾಡು ಸುಧಾರಿಸಿತು’ ಎಂದು ಮನಸ್ಸು ಸಹಿ ಹಾಕಿಬಿಡುತ್ತದೆ. ಕಾಮಾಲೆಯಾದವನಿಗೆ ಬಿಳಿ ಶಂಖ ಹಳದಿಯಾಗಿ ಕಾಣುತ್ತದೆಂಬ ಉದಾಹರಣೆಯನ್ನು ನೈಯಾಯಿಕರು ಭ್ರಮೆಯ ವಿಚಾರದಲ್ಲಿ ಕೊಡುತ್ತಾರೆ. ದೋಷ ಶಂಖದಲ್ಲಿಲ್ಲ, ಇಂದ್ರಿಯದಲ್ಲಿದೆ. ಈ ದೋಷಕ್ಕೆ ಮದ್ದು ಸರಳ. ತಿದ್ದುವ ಮುಂಚಿನದನ್ನೂ ಆಮೇಲಿನದನ್ನೂ ಒಂದೇ ಜೋರಿಗೆ ತಂದು, ಆಮೇಲೆ ಹೋಲಿಸುವುದು. ಹೀಗೆ ಮಾಡಿದಾಗ ಎಷ್ಟೋ ತಿದ್ದುಪಡಿಗಳು ತಾವಾಗಿ ಬಿದ್ದುಹೋಗುತ್ತವೆ. ತಂಬೂರಿಯ ವಿಷಯದಲ್ಲಿ ಇದು ಇನ್ನೂ ನಾಜೂಕು. ಕುದುರೆಯ ಮೇಲೆ ತಂತಿಯಡಿಗೆ ಸಿಕ್ಕಿಸಿದ ನೂಲೆಳೆ, ಅದೇ ಜೀವಾಳ, ಕೂದಲೆಳೆಯಷ್ಟು ಸರಿದರೂ ನಾದ ಅರಳುತ್ತದೆ ಇಲ್ಲವೇ ಮುದುಡುತ್ತದೆ. ತಂತಿಯನ್ನು ಮೀಟಿದ ಜಾಗದ ಲೆಕ್ಕದಲ್ಲಿ ಇರಲೇಬಾರದಾದ ಉಪಸ್ವರಗಳು ಆ ವಾದ್ಯದಲ್ಲಿ ಗಟ್ಟಿಯಾಗಿ ಕೇಳುವುದನ್ನು ಸಿ.ವಿ. ರಾಮನ್ 1921ರಲ್ಲಿ ಬರೆದು ತೋರಿಸಿದರು. ಆ ಝೇಂಕಾರದ ಮೇಲೆ ನಾಯ್ಸ್ ತೆಗೆಯುವ ತಂತ್ರಾಂಶವನ್ನು ಬಲವಾಗಿ ಹಾಕಿದರೆ ಅದು ಜೀವಾಳವನ್ನೇ ಕಸವೆಂದು ಗುಡಿಸುತ್ತದೆ. ಕಸ ಯಾವುದು, ಜೀವಾಳ ಯಾವುದು ಎಂದು ಹೇಳಬೇಕಾದ್ದು ಕೇಳಿ ಪಳಗಿದ ಕಿವಿ. ಅದು ಕೊಳ್ಳಲು ಸಿಗುವುದಿಲ್ಲ, ಬಡವ ಬಲ್ಲಿದರಿಬ್ಬರೂ ದುಡಿದೇ ಪಡೆಯಬೇಕು.

ಈಗ ಆ ಉಸಿರಿಗೆ ಬರೋಣ. ಗಾಯಕಿ ಹಾಡುವಾಗ ಎದುರಿಗೆ ಕೂತವರಿಗೆ ಅವಳ ಉಸಿರು ಇಷ್ಟು ದೊಡ್ಡದಾಗಿ ಕೇಳಿರಲಾರದು. ಮಿಕ್ಸಿನಲ್ಲಿ ಅದು ಎದ್ದು ಬಂದದ್ದು ಮೈಕ್ ಬಾಯಿಯ ಬಳಿ ಇದ್ದದ್ದರಿಂದ, ಮತ್ತು ಕಂಪ್ರೆಸರ್‌ನಿಂದ. ಕಂಪ್ರೆಸರ್ ಜೋರಾದ ಸ್ವರಗಳನ್ನು ಅಮುಕಿ ಒಟ್ಟು ಸದ್ದನ್ನು ಮೇಲೆತ್ತುತ್ತದೆ. ಸಾಲಿನ ನಡುವೆ ಅಮುಕಲು ಏನೂ ಇಲ್ಲದ್ದರಿಂದ ಉಸಿರು ಮಾತ್ರ ಪೂರ್ತಿ ಮೇಲೆ ಬರುತ್ತದೆ. ಅಂದರೆ ಉಸಿರು ಅವಳದು, ಅದರ ಅತಿ ಯಂತ್ರದ್ದು. ಆ ಅತಿಯನ್ನಷ್ಟೇ ಹಿಂದಕ್ಕೆ ಕೊಟ್ಟರೆ ಸಾಕು. ಕಂಪ್ರೆಸರ್ 6 ಡೆಸಿಬೆಲ್ ಎತ್ತಿದ್ದರೆ ಉಸಿರಿದ್ದ ಕಡೆ 6 ಡೆಸಿಬೆಲ್ ಇಳಿಸಿ, ಅಲ್ಲಿಂದಾಚೆ ಕಿವಿ ಹೇಳಿದಷ್ಟು. ಪೂರ್ತಿ ಅಳಿಸಿದರೆ ಆ ಜಾಗದಲ್ಲಿ ಉಳಿಯುವುದು ಮೌನವೂ ಅಲ್ಲ, ಕೋಣೆಯ ಗಾಳಿ ಕೂಡ ಇಲ್ಲದ ತೂತು. ಮುಂದಿನ ಸಾಲು ಎಲ್ಲಿಂದಲೋ ಬಂದು ಬಿದ್ದ ಹಾಗಿರುತ್ತದೆ. ಇಳಿಸಿ ಉಳಿಸಿಕೊಂಡರೆ, ಪಲ್ಲವಿಗೆ ಮರಳುವ ಮುಂಚೆ ಒಬ್ಬಳು ಎದೆ ತುಂಬ ಗಾಳಿ ಎಳೆದುಕೊಂಡದ್ದು ತೆಳ್ಳಗೆ ಕೇಳುತ್ತದೆ. ದೇವರ ಹೆಸರು ಆ ಗಾಳಿಯ ಮೇಲೆ ಬರುತ್ತದೆ.